ಸ್ಲೋ ಸ್ಕ್ರೂ ಮುಟ್ಟುವ ಮುಂಚೆ

ಹಳೇ ಮಾರುತಿ 800 ಇಟ್ಟುಕೊಂಡವರು ಗ್ಯಾರೇಜಿಗೆ ಬಂದರೆ ಹೆಚ್ಚಾಗಿ ಹೇಳುವುದು ಒಂದೇ ಮಾತು: "ಸಿಗ್ನಲ್‌ನಲ್ಲಿ ಆಫ್ ಆಗ್ತಿದೆ, ಸ್ಲೋ ಸ್ವಲ್ಪ ಜಾಸ್ತಿ ಮಾಡಿಕೊಡಿ." ಐಡಲ್ ಸ್ಪೀಡಿಗೆ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ನೆ ಓಡುವ ವೇಗಕ್ಕೆ, ನಮ್ಮ ಕಡೆ ಹೆಸರೇ ಸ್ಲೋ. ಸ್ಕ್ರೂಡ್ರೈವರ್ ಇಟ್ಟು ಅರ್ಧ ಸುತ್ತು ತಿರುಗಿಸಿದರೆ ಆಯ್ತು ಅನ್ನುವುದು ಅವರ ಲೆಕ್ಕ. ನಾನು ಆ ಸ್ಕ್ರೂ ಮುಟ್ಟುವುದು ಎಲ್ಲ ಮುಗಿದ ಮೇಲೆ.

ಹೋದ ತಿಂಗಳು 1996ರ ಮಾಡೆಲ್ ಒಂದು ಬಂತು. ದಾರಿಯಲ್ಲಿ ಯಾರೋ ಆಗಲೇ ಸ್ಲೋ ಏರಿಸಿಕೊಟ್ಟಿದ್ದರು. ಮೀಟರ್ ಹಾಕಿ ನೋಡಿದರೆ 1,500 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು)! ಬಿಸಿಯಾದ ಎಂಜಿನ್‌ಗೆ 850ರಿಂದ 900 ಸಾಕು. ಕ್ಲಚ್ ಬಿಟ್ಟ ಕೂಡಲೇ ಕಾರು ಮುಂದಕ್ಕೆ ನೆಗೆಯುತ್ತಿತ್ತು. ಬಾನೆಟ್ ಎತ್ತಿ ಸುಮ್ನೆ ಕಿವಿ ಕೊಟ್ಟು ನಿಂತೆ. ಎಲ್ಲೋ ಸಣ್ಣಗೆ 'ಸ್‌ಸ್‌ಸ್' ಅನ್ನುವ ಸದ್ದು. ಒಂದು ಮೊಳ ಪೈಪಿನ ಒಂದು ತುದಿ ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಹೋಸ್‌ಗಳ ಮೇಲೆ ಆಡಿಸುತ್ತಾ ಹೋದೆ. ಎಂಜಿನ್ ಒಳಕ್ಕೆ ಗಾಳಿ-ಪೆಟ್ರೋಲ್ ಒಯ್ಯುವ ಮ್ಯಾನಿಫೋಲ್ಡ್‌ಗೆ ಸೇರುವ ಕಡೆ ಒಂದು ರಬ್ಬರ್ ಹೋಸ್ ಸೀಳಿತ್ತು. ಸೀಳನ್ನು ಬೆರಳಲ್ಲಿ ಒತ್ತಿ ಹಿಡಿದೆ, ಎಂಜಿನ್ ರೊಯ್ಯನೆ ಇನ್ನೂ ಮೇಲೆದ್ದಿತು.

ಯಾಕೆ ಹಾಗೆ? ಗಾಳಿಗೆ ಪೆಟ್ರೋಲ್ ಬೆರೆಸಿಕೊಡುವುದು ಕಾರ್ಬುರೇಟರ್. ಆಕ್ಸಿಲರೇಟರ್ ಮೇಲೆ ಕಾಲಿಡದಿದ್ದಾಗ ಅದರಲ್ಲಿ ಗಾಳಿಯ ದಾರಿ ತೆರೆದು ಮುಚ್ಚುವ ತ್ರಾಟಲ್ ತಟ್ಟೆ ಬಹುತೇಕ ಮುಚ್ಚಿರುತ್ತದೆ. ಅದರ ಕೆಳಗೆ ಎಂಜಿನ್ ಜೋರಾಗಿ ಗಾಳಿ ಎಳೆಯುತ್ತಿರುತ್ತದೆ. ಆ ಎಳೆತಕ್ಕೆ ಒಂದು ಸೂಜಿತೂತಿನಿಂದ ಬರುವ ಪೆಟ್ರೋಲ್ ಮೇಲೇ ಐಡಲ್ ನಿಂತಿದೆ. ಹೋಸ್ ಸೀಳಿದರೆ ಅಲ್ಲಿಂದ ನುಗ್ಗುವ ಗಾಳಿ ಕಾರ್ಬುರೇಟರ್ ದಾಟಿ ಬಂದದ್ದಲ್ಲ, ಅದರ ಜೊತೆ ಪೆಟ್ರೋಲ್ ಇಲ್ಲ. ಮಿಕ್ಸ್ಚರ್ ತೆಳುವಾಗಿ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಕಡಿಮೆಯಾಗಿ, ಎಂಜಿನ್ ಬಂದ್ ಬೀಳುತ್ತದೆ. ಸ್ಲೋ ಸ್ಕ್ರೂ ತಿರುಗಿಸಿದರೆ ತಟ್ಟೆ ಒಂಚೂರು ತೆರೆದುಕೊಳ್ಳುತ್ತದೆ, ಅಷ್ಟೇ. ಸೀಳು ಇದ್ದಲ್ಲೇ ಇರುತ್ತದೆ. ಅದನ್ನು ಬೆರಳಲ್ಲಿ ಮುಚ್ಚಿದಾಗ ಮಿಕ್ಸ್ಚರ್ ಸರಿಯಾಗಿ, ಆಗಲೇ ಏರಿಸಿಟ್ಟ ಸ್ಲೋ ಇನ್ನೂ ಮೇಲೆದ್ದಿತು.

ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರ್‌ಗೂ ಅದಕ್ಕೂ ಆಗಿಬರುವುದಿಲ್ಲ. ಎಥನಾಲ್‌ನಲ್ಲೇ ಆಕ್ಸಿಜನ್ ಇರುವುದರಿಂದ ಮಿಕ್ಸ್ಚರ್ ಇನ್ನಷ್ಟು ತೆಳುವಾಗುತ್ತದೆ. ಕಾರ್ಬುರೇಟರ್‌ಗೆ ಸೆನ್ಸರ್ ಇಲ್ಲವಲ್ಲ, ಅದನ್ನು ತಾನಾಗಿ ಸರಿಮಾಡಿಕೊಳ್ಳಲು!

ಹೋಸ್, ಏರ್ ಫಿಲ್ಟರ್, ಪ್ಲಗ್, ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಎಲ್ಲ ಸರಿ ಇದ್ದರೆ ಮಾತ್ರ ಸ್ಕ್ರೂಡ್ರೈವರ್ ತೆಗೆಯಿರಿ. ರೇಡಿಯೇಟರ್ ಫ್ಯಾನ್ ಒಂದು ಸಲ ತಿರುಗಿ ನಿಲ್ಲುವ ತನಕ ಎಂಜಿನ್ ಬಿಸಿಯಾಗಲಿ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಎಸಿ ಮತ್ತು ಲೈಟ್ ಆಫ್. ಚೋಕ್ ಪೂರ್ತಿ ಒಳಗೆ ಹೋಗಿದೆಯಾ, ಆಕ್ಸಿಲರೇಟರ್ ಕೇಬಲ್ ತುಸು ಸಡಿಲ ಇದೆಯಾ ನೋಡಿ. ಎಷ್ಟೋ ಸಲ ಸ್ಲೋ ಜಾಸ್ತಿ ಇರುವುದಕ್ಕೆ ಬಿಗಿಯಾದ ಕೇಬಲ್ಲೇ ಕಾರಣ.

ಮೊದಲು ಸ್ಲೋ ಸ್ಕ್ರೂನಿಂದ 900ಕ್ಕೆ ತನ್ನಿ. ಆಮೇಲೆ ಐಡಲ್‌ಗೆ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ ಮಿಕ್ಸ್ಚರ್ ಸ್ಕ್ರೂ. ಮುಟ್ಟುವ ಮೊದಲು ಅದರ ತಲೆ ಯಾವ ಕಡೆ ನಿಂತಿದೆ ಅಂತ ಗುರುತು ಮಾಡಿಕೊಳ್ಳಿ, ಎಷ್ಟು ತಿರುಗಿಸಿದಿರಿ ಅನ್ನುವುದನ್ನೂ ಬರೆದಿಡಿ. ಕಾಲು ಸುತ್ತು ಒಳಗೆ, ಸ್ವಲ್ಪ ಹೊತ್ತು ಕಾಯಿರಿ. ಎಂಜಿನ್ ತಡವರಿಸಿದರೆ ನಿಧಾನಕ್ಕೆ ಹೊರಗೆ ತನ್ನಿ. ಎಲ್ಲಿ ಅತಿ ನಯವಾಗಿ, ಅತಿ ಜೋರಾಗಿ ಓಡುತ್ತದೋ ಅಲ್ಲಿಗೆ ಬಿಡಿ. ಆಗ ಆರ್‌ಪಿಎಂ ಏರಿರುತ್ತದೆ, ಸ್ಲೋ ಸ್ಕ್ರೂನಿಂದ ಮತ್ತೆ ಇಳಿಸಿ. ಎರಡು ಮೂರು ಸಲ ಹೀಗೆ ಮಾಡಬೇಕಾಗುತ್ತದೆ. ಮಿಕ್ಸ್ಚರ್ ಸ್ಕ್ರೂವನ್ನು ಕೊನೆ ತನಕ ಬಿಗಿ ಮಾಡಬೇಡಿ, ಅದರ ಚೂಪು ಮೂತಿ ಕೆಟ್ಟರೆ ಮತ್ತೆ ಟ್ಯೂನಿಂಗ್ ನಿಲ್ಲುವುದಿಲ್ಲ.

ಅಂದಹಾಗೆ, 800ರದ್ದು ಮೂರು ಸಿಲಿಂಡರ್. ಸ್ವಲ್ಪ ನಡುಗುತ್ತದೆ, ಅದು ಅದರ ಜಾಯಮಾನ. ಹಳೇ ಪ್ರೀಮಿಯರ್ ಪದ್ಮಿನಿ ಕಾರಿನ ನಾಲ್ಕು ಸಿಲಿಂಡರ್ ನಯ ಇದರಲ್ಲಿ ಹುಡುಕುತ್ತಾ ಸ್ಲೋ ಏರಿಸುತ್ತಾ ಹೋಗಬೇಡಿ. ಕೊನೆಗೆ ಹೊಗೆ ಟೆಸ್ಟ್ ಮಾಡಿಸಿದರೆ ಒಳ್ಳೆಯದು. ಆ ಕಾಲದ ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ 3% ದಾಟಬಾರದು. ಎಂಪಿಎಫ್‌ಐ, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ ಗಾಡಿಗೆ ಈ ಯಾವುದೂ ಹೊಂದುವುದಿಲ್ಲ. ಅಲ್ಲಿ ಐಡಲ್ ನೋಡಿಕೊಳ್ಳುವುದು ಕಂಪ್ಯೂಟರ್, ತ್ರಾಟಲ್ ಬಾಡಿ ಕ್ಲೀನ್ ಮಾಡಿಸಿ ನೋಡಿ.

ಮಂಗಳೂರಲ್ಲಿ ಟ್ಯೂನ್ ಮಾಡಿಸಿದ ಕಾರ್ಬುರೇಟರ್ ಗಾಡಿ ಮಡಿಕೇರಿ ಹತ್ತಿದ ಮೇಲೆ ಒಂಚೂರು ಗುಂಯ್‌ಗುಟ್ಟಿದರೆ ಗಾಬರಿ ಬೇಡ. ಎತ್ತರದಲ್ಲಿ ಗಾಳಿ ತೆಳು, ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಜಾಸ್ತಿಯಾಗಿ ಮಿಕ್ಸ್ಚರ್ ದಪ್ಪ ಆಗಿರುತ್ತದೆ. ಘಾಟಿ ಇಳಿದರೆ ತಾನೇ ಸರಿಹೋಗುತ್ತದೆ.