ಮಂಗಳೂರು ಒಪ್ಪಂದ: ಹೊಸ ಸುಲ್ತಾನನ ಬೀಡಿಗೆ ಬಂದ ಮೂವರು

ಯುದ್ಧ ನಡೆಯುತ್ತಿರುವಾಗಲೇ ಎದುರು ಪಕ್ಷದ ಅರಸ ತೀರಿಕೊಂಡರೆ ರಾಯಭಾರಿ ಏನು ಮಾಡಬೇಕು? ವಿದೇಶಾಂಗ ಸೇವೆಗೆ ಹೊಸದಾಗಿ ಸೇರಿದವರಿಗೆ ಪಾಠ ಮಾಡುವಾಗ ನಾನು ಈ ಪ್ರಶ್ನೆ ಕೇಳುತ್ತೇನೆ. ಸಂತಾಪ ಹೇಳಬೇಕು, ಹೊಸ ಅರಸನಿಗೆ ಶುಭಾಶಯ ಕಳಿಸಬೇಕು ಎನ್ನುತ್ತಾರೆ. ಸರಿಯೇ. ಆದರೆ ಈಗಷ್ಟೇ ಪಟ್ಟಕ್ಕೆ ಬಂದವನಿಗೆ ತನ್ನ ಸೈನ್ಯ, ತನ್ನ ದರ್ಬಾರು ನೋಡುತ್ತಿರುವಾಗ ಏನು ಬೇಕಾಗಿರುತ್ತದೆ ಎಂದು ಯೋಚಿಸುವವರು ಕಡಿಮೆ. ಇದನ್ನು ತಿಳಿಸಲು ವಿಯೆನ್ನಾ, ಪ್ಯಾರಿಸ್ ತನಕ ಹೋಗಬೇಕಿಲ್ಲ. ನಮ್ಮ ಮಂಗಳೂರೇ ಸಾಕು. 1784ರ ಮಂಗಳೂರು.

ಮೈಸೂರಿಗೂ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಗೂ ನಡೆದ ಎರಡನೇ ಮೈಸೂರು ಯುದ್ಧದ ನಡುವೆ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಹೈದರ್ ಅಲಿ ಬೆನ್ನುಫಣಿಯಿಂದ ತೀರಿಕೊಂಡ. ಮಗ ಟಿಪ್ಪು ದೂರದ ಮಲಬಾರ್ ಕಡೆ ಯುದ್ಧದಲ್ಲಿದ್ದ. ಹೈದರನ ಮಂತ್ರಿಗಳಾದ ಪೂರ್ಣಯ್ಯ ಮತ್ತು ಕೃಷ್ಣರಾಯ ಸಾವಿನ ಸುದ್ದಿ ಹೊರಗೆ ಬಿಡಲಿಲ್ಲ. ದೇಹವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವಂತೆ ಕೋಲಾರಕ್ಕೆ ಕಳಿಸಿದರು. ಅಪ್ಪಣೆಗಳು ಹೈದರನ ಹೆಸರಿನಲ್ಲೇ ಹೊರಡುತ್ತಿದ್ದವು. ಟಿಪ್ಪುವಿನ ತಮ್ಮ ಅಬ್ದುಲ್ ಕರೀಮನನ್ನು ಮುಂದೆ ಮಾಡಲು ಕೆಲವರು ಹವಣಿಸಿದರು, ಅದು ಅಲ್ಲೇ ಮುರಿದು ಬಿತ್ತು. ಜನವರಿ ಮೊದಲಲ್ಲಿ ಟಿಪ್ಪು ಬಂದು ಸೈನ್ಯವನ್ನು ಕೈಗೆ ತೆಗೆದುಕೊಂಡ.

ಆ ಕೆಲವು ವಾರಗಳು ಕಂಪನಿಗೆ ಸಿಕ್ಕ ದೊಡ್ಡ ಅವಕಾಶವಾಗಿದ್ದವು. ಮದ್ರಾಸಿನ ಗವರ್ನರ್ ಲಾರ್ಡ್ ಮೆಕಾರ್ಟ್ನಿ ಕೂಡಲೇ ಹೊರಡಿ ಎಂದ. ಸೇನಾಪತಿ ಜನರಲ್ ಸ್ಟುಅರ್ಟ್ ಹೊರಡಲಿಲ್ಲ. ಇಬ್ಬರಿಗೂ ಆಗುತ್ತಿರಲಿಲ್ಲ. ಮುಂದೆ ಅದೇ ವರ್ಷ ಗವರ್ನರೇ ಸೇನಾಪತಿಯನ್ನು ಬಂಧಿಸಿದ ಎಂದರೆ ಜಗಳ ಎಷ್ಟಿತ್ತು ನೋಡಿ. ಮಂಗಳೂರಿನಲ್ಲಿ ಆದದ್ದರ ಬೇರು ಇಲ್ಲಿದೆ. ರಾಯಭಾರಿ ಎಷ್ಟೇ ಜಾಣನಾಗಿರಲಿ, ಅವನನ್ನು ಕಳಿಸಿದವರದು ಒಂದೇ ಮಾತಾಗಿರಬೇಕು.

ಟಿಪ್ಪುವಿಗೆ ಆಗ 32ರ ಆಸುಪಾಸು. ಅಪ್ಪ ಸಿಪಾಯಿಯಾಗಿ ಶುರುಮಾಡಿ ರಾಜ್ಯ ಕಟ್ಟಿದವನು. ಶ್ರೀರಂಗಪಟ್ಟಣದ ಅರಮನೆಯಲ್ಲಿ ಹೆಸರಿಗೆ ಒಡೆಯರ್ ಮನೆತನದ ಅರಸರೇ ಇದ್ದರು. ಅಂದರೆ ಟಿಪ್ಪುವಿಗೆ ಬಂದದ್ದು ಸೈನ್ಯ ಮತ್ತು ಅಧಿಕಾರ. ಅರಸ ಎಂದು ಹೊರಗಿನವರು ಒಪ್ಪಿಕೊಳ್ಳುವುದು ಇನ್ನೂ ಬಾಕಿ ಇತ್ತು. ಜೊತೆಗೆ ಜನವರಿಯಲ್ಲೇ ಬೊಂಬಾಯಿ ಕಡೆಯ ಜನರಲ್ ಮ್ಯಾಥ್ಯೂಸ್ ಘಟ್ಟ ಹತ್ತಿ ಬಿದನೂರು ಹಿಡಿದ. ಅಲ್ಲಿನ ಅಧಿಕಾರಿ ಅಯಾಜ್ ಕೋಟೆಯನ್ನು ಒಪ್ಪಿಸಿಬಿಟ್ಟ. ಪಟ್ಟಕ್ಕೆ ಬಂದ ತಿಂಗಳಲ್ಲೇ ಸ್ವಂತ ಅಧಿಕಾರಿಯೊಬ್ಬ ಕೈಬಿಟ್ಟರೆ ಹೊಸ ಅರಸನ ಮನಸ್ಸು ಹೇಗಾಗಬೇಡ! ಮುಂದಿನ ಎರಡು ತಿಂಗಳಲ್ಲಿ ಟಿಪ್ಪು ಪೂರ್ವದ ಯುದ್ಧವನ್ನು ಬಿಟ್ಟು ಪಶ್ಚಿಮಕ್ಕೆ ಓಡಿದ. ಏಪ್ರಿಲ್ ಕೊನೆಯ ಹೊತ್ತಿಗೆ ಬಿದನೂರು ವಾಪಸ್ ಬಂತು, ಮ್ಯಾಥ್ಯೂಸ್ ಸೆರೆಯಾದ. ಮೇ ತಿಂಗಳಲ್ಲಿ ಕಂಪನಿಯ ಕೈಯಲ್ಲಿದ್ದ ಮಂಗಳೂರಿಗೆ ಮುತ್ತಿಗೆ ಬಿತ್ತು.

ಇಲ್ಲಿ ಫ್ರೆಂಚರ ಸಂಗತಿಯನ್ನೂ ಹೇಳಬೇಕು. ಹೈದರ್ ಬಹಳ ಕಾಲ ಕಾಯುತ್ತಿದ್ದ ಫ್ರೆಂಚ್ ಸೇನಾಪತಿ ಬುಸ್ಸಿ 1783ರ ಮಾರ್ಚ್‌ನಲ್ಲಿ ಬಂದಿಳಿದಾಗ ಹೈದರ್ ಇರಲಿಲ್ಲ, ಟಿಪ್ಪು ಪಶ್ಚಿಮದತ್ತ ಹೊರಟು ಹೋಗಿದ್ದ. ಅಷ್ಟರಲ್ಲಿ ಯುರೋಪಿನಲ್ಲಿ ಜನವರಿ 20ಕ್ಕೇ ಇಂಗ್ಲೆಂಡ್ ಮತ್ತು ಫ್ರಾನ್ಸ್ ಶಾಂತಿಯ ಪ್ರಾಥಮಿಕ ಕರಾರಿಗೆ ಸಹಿ ಹಾಕಿಯಾಗಿತ್ತು. ಇಂಗ್ಲಿಷರೂ ಫ್ರೆಂಚರೂ ಕಾದಾಡುತ್ತಿದ್ದ ಕಡಲೂರನ್ನು ಸುದ್ದಿ ಮುಟ್ಟಿದ್ದು ಜೂನ್ ಕೊನೆಗೆ. ಐದು ತಿಂಗಳು! ಆ ನಡುವೆ ಸತ್ತವರೆಲ್ಲ ಮುಗಿದ ಯುದ್ಧದಲ್ಲಿ ಸತ್ತರು. ಸುದ್ದಿ ಬಂದ ಮೇಲೆ ಮಂಗಳೂರಿನ ಮುತ್ತಿಗೆಯಲ್ಲಿದ್ದ ಫ್ರೆಂಚ್ ಪಡೆಯೂ ಹಿಂದೆ ಸರಿಯಿತು. ಟಿಪ್ಪುವಿನ ಹತ್ತಿರ ಇದ್ದ ಫ್ರೆಂಚ್ ಪ್ರತಿನಿಧಿ ಪಿವೆರೋನ್ ದ ಮೊರ್ಲೆಗೆ ಸಿಕ್ಕ ಕೆಲಸ ಬಹಳ ಕಷ್ಟದ್ದು. ನಿಮ್ಮನ್ನು ಕೇಳದೆ ನಮ್ಮ ದೊರೆ ರಾಜಿ ಮಾಡಿಕೊಂಡಿದ್ದಾನೆ, ನೀವೂ ನಿಲ್ಲಿಸಿ ಎಂದು ಮಿತ್ರನಿಗೆ ಹೇಳಬೇಕು. ಟಿಪ್ಪು ಸಿಟ್ಟಾದ. ಆ ಸಿಟ್ಟು ನ್ಯಾಯವಾದದ್ದೇ ಎಂದು ನನ್ನ ಅಭಿಪ್ರಾಯ. ಆದರೂ ಆಗಸ್ಟ್ 2ಕ್ಕೆ ಕದನವಿರಾಮ ಆಯಿತು.

ಕದನವಿರಾಮ ಎಂದರೆ ಕೋಟೆ ಬಿಟ್ಟುಕೊಟ್ಟಂತಲ್ಲ. ಒಳಗೆ ಕರ್ನಲ್ ಕ್ಯಾಂಬೆಲ್ ಮತ್ತು ಅವನ ಪಡೆ ಹಸಿವು, ರೋಗದಲ್ಲಿ ನರಳಿದರು. ಆಹಾರ ಎಷ್ಟು ಒಳಗೆ ಹೋಗಬೇಕು ಎಂಬುದೇ ತಿಂಗಳುಗಟ್ಟಲೆ ತಕರಾರಾಯಿತು. ಕೊನೆಗೆ 1784ರ ಜನವರಿ 30ರಂದು ಕೋಟೆ ಟಿಪ್ಪುವಿನ ಕೈಸೇರಿತು.

ಇತ್ತ ಮದ್ರಾಸಿನ ಬೊಕ್ಕಸ ಬರಿದಾಗಿತ್ತು, ಸುತ್ತಲಿನ ಸೀಮೆ ಹಾಳಾಗಿತ್ತು. ಮೆಕಾರ್ಟ್ನಿಗೆ ಶಾಂತಿ ತುರ್ತಾಗಿ ಬೇಕಿತ್ತು. ಕಮಿಷನರ್‌ಗಳಾಗಿ ಆಂಥೊನಿ ಸ್ಯಾಡ್ಲಿಯರ್ ಮತ್ತು ಜಾರ್ಜ್ ಸ್ಟಾಂಟನ್ ಹೊರಟರು. ಇಬ್ಬರಿಗೂ ಹೊಂದಿಕೆಯಾಗದೆ ಮೂರನೆಯವನಾಗಿ ಜಾನ್ ಹಡಲ್‌ಸ್ಟನ್ ಸೇರಿದ. ಅದೇ ಹೊತ್ತಿಗೆ ಕಂಪನಿಯ ಕರ್ನಲ್ ಫುಲರ್ಟನ್ ಪಾಲಘಾಟ್, ಕೊಯಮತ್ತೂರು ಹಿಡಿದು ಶ್ರೀರಂಗಪಟ್ಟಣದತ್ತ ಕಣ್ಣಿಟ್ಟಿದ್ದ. ಸಂಧಾನಕ್ಕಾಗಿ ಅವನನ್ನು ತಡೆದರು. ಕೈಯಲ್ಲಿದ್ದ ದೊಡ್ಡ ಒತ್ತಡವನ್ನು ಮಾತು ಶುರುವಾಗುವ ಮೊದಲೇ ಬಿಟ್ಟುಕೊಟ್ಟಂತಾಯಿತು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಟಿಪ್ಪು ಶ್ರೀರಂಗಪಟ್ಟಣದಲ್ಲಿ ಕೂತು ಕಾಯಲಿಲ್ಲ. ಕಮಿಷನರ್‌ಗಳು ಮದ್ರಾಸಿನಿಂದ ಮೈಸೂರು ಸೀಮೆಯನ್ನು ದಾಟಿ, ಘಟ್ಟ ಇಳಿದು, ಮಂಗಳೂರಿನ ಬೀಡಿಗೆ ಬರಬೇಕಾಯಿತು. ಬಂದಾಗ ಕೋಟೆ ಬಿದ್ದಾಗಿತ್ತು. ಆ ದಾರಿಯುದ್ದಕ್ಕೂ ನೋಡಿದವರಿಗೆ ತಿಳಿದದ್ದು ಒಂದೇ: ಕಂಪನಿಯೇ ಸುಲ್ತಾನನ ಬಳಿಗೆ ನಡೆದು ಬಂದಿದೆ. ಮಾತುಕತೆಯ ಅರ್ಧ ಭಾಗ ಈ ಪ್ರಯಾಣದಲ್ಲೇ ಮುಗಿದಿತ್ತು. ಡೇರೆಯ ಮುಂದೆ ಗಲ್ಲುಗಂಬ ನೆಟ್ಟಿದ್ದರು, ತಲೆ ಬರಿದು ಮಾಡಿಕೊಂಡು ಎರಡು ಗಂಟೆ ನಿಂತು ಸಹಿ ಬೇಡಿದರು ಎಂಬ ಕಥೆಗಳೂ ಹಬ್ಬಿದವು. ಅವನ್ನು ಪೂರ್ತಿ ನಂಬಬೇಕಾಗಿಲ್ಲ. ಹಾಗೆ ಹಬ್ಬಿದವು ಎಂಬುದೇ ಸಾಕು, ಯಾರು ಯಾರ ಮುಂದೆ ನಿಂತಂತೆ ಲೋಕಕ್ಕೆ ಕಂಡಿತು ಎಂದು ತಿಳಿಯಲು. ಇದೇ ಮೆಕಾರ್ಟ್ನಿ, ಇದೇ ಸ್ಟಾಂಟನ್ 1793ರಲ್ಲಿ ಚೀನಾದ ಚಕ್ರವರ್ತಿಯ ಬಳಿ ಹೋದಾಗ ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಲಾರೆವು ಎಂದು ಅಷ್ಟೊಂದು ಹಟ ಹಿಡಿದರು.

ಮಾರ್ಚ್ 11ರ ಒಪ್ಪಂದದಲ್ಲಿ ನೆಲದ ಲೆಕ್ಕ ನೋಡಿದರೆ ಯಾರೂ ಗೆಲ್ಲಲಿಲ್ಲ. ಟಿಪ್ಪು ಆರ್ಕಾಟಿನ ಸುತ್ತಲಿನ ಕರ್ನಾಟಿಕ್ ಸೀಮೆ ಬಿಡಬೇಕು. ಕಂಪನಿ ಕಾರವಾರ, ಹೊನ್ನಾವರ, ಸದಾಶಿವಗಡ ಬಿಡಬೇಕು. ನನಗೆ ಇಷ್ಟವಾಗುವುದು ಕೈದಿಗಳ ವಿಷಯದಲ್ಲಿ ಮಾಡಿದ ಏರ್ಪಾಡು. ಕೈದಿಗಳು ಬಿಡುಗಡೆಯಾಗುವ ತನಕ ಡಿಂಡಿಗಲ್ ಮತ್ತು ಕಣ್ಣೂರು ಕಂಪನಿಯ ಬಳಿ. ಕಣ್ಣೂರು ಬಿಡುವ ತನಕ ಆಂಬೂರು, ಸಾತ್‌ಗಡ್ ಕೋಟೆಗಳು ಟಿಪ್ಪುವಿನ ಬಳಿ. ಎರಡು ಕಡೆಯವರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರಲಿಲ್ಲ. ಆ ಅಪನಂಬಿಕೆಯನ್ನು ಮುಚ್ಚಿಡದೆ ಕರಾರಿನೊಳಗೇ ತಂದರು. ಇವತ್ತಿಗೂ ಕೈದಿಗಳ ವಿನಿಮಯ ಹೀಗೆ ಹಂತಹಂತವಾಗಿಯೇ ನಡೆಯುವುದು.

ಆದರೆ ಕಮಿಷನರ್‌ಗಳು ಬೆಲೆ ಕಟ್ಟದೆ ಕೊಟ್ಟದ್ದು ಒಂದಿತ್ತು. ಹದಿನೇಳು ತಿಂಗಳ ಹಿಂದೆ, 1782ರ ಅಕ್ಟೋಬರ್‌ನಲ್ಲಿ, ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ತಿರುಮಲರಾಯ ತಂಜಾವೂರಿನಲ್ಲಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದ. ಒಡೆಯರ್ ಮನೆತನಕ್ಕೆ ರಾಜ್ಯ ಮರಳಿಸಿ ಕೊಡುವ ಒಪ್ಪಂದ. ಮಂಗಳೂರಿನಲ್ಲಿ ಅದೇ ಕಂಪನಿ ನವಾಬ ಟಿಪ್ಪು ಸುಲ್ತಾನ್ ಬಹಾದ್ದೂರನ ಜೊತೆ ಸರಿಸಮನಾಗಿ ಸಹಿ ಹಾಕಿತು. ಒಡೆಯರ ಹೆಸರು ಎತ್ತಲಿಲ್ಲ. ಹೊಸ ಅರಸನಿಗೆ ಆಗ ಜಾಸ್ತಿ ಬೇಕಿದ್ದದ್ದು ಈ ಮಾನ್ಯತೆಯೇ ಅಲ್ವಾ? ಅದಕ್ಕೆ ಬದಲಾಗಿ ಏನನ್ನೂ ಕೇಳಲಿಲ್ಲ. ಶ್ರೀರಂಗಪಟ್ಟಣದ ಅರಮನೆಯಲ್ಲಿ ಲಕ್ಷ್ಮಮ್ಮಣ್ಣಿಯವರಿಗೆ ಈ ಸುದ್ದಿ ಹೇಗೆ ಮುಟ್ಟಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮಾತು ಕೊಟ್ಟವರೇ ಎದುರಾಳಿಯ ಬೀಡಿನಲ್ಲಿ ಸಹಿ ಹಾಕಿ ಬಂದಿದ್ದರು. ಆಕೆ ಮುಂದೆ ಟಿಪ್ಪು ಮಡಿದ 1799ರ ತನಕ ಕಾದರು.

ಕಲ್ಕತ್ತಾದಲ್ಲಿ ಕಂಪನಿಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಸಿಡಿದೆದ್ದ. ಮರಾಠರ ಜೊತೆಗಿನ 1782ರ ಸಾಲ್‌ಬಾಯಿ ಒಪ್ಪಂದದ ಮೂಲಕವೇ ಮೈಸೂರಿನ ವಿಷಯ ಮುಗಿಸಬೇಕೆಂದು ಅವನ ಲೆಕ್ಕ. ಮೆಕಾರ್ಟ್ನಿ ಅದನ್ನು ಬದಿಗಿಟ್ಟು ನೇರವಾಗಿ ಟಿಪ್ಪುವಿನ ಜೊತೆ ಕೂತದ್ದರಿಂದ ಪುಣೆಯ ಮರಾಠಾ ಮಂತ್ರಿ ನಾನಾ ಫಡ್ನವೀಸನಿಗೂ ಅಸಮಾಧಾನವಾಯಿತು. ಕಂಪನಿಯ ಮಿತ್ರನಾದ ಆರ್ಕಾಟಿನ ನವಾಬನನ್ನು ಒಪ್ಪಂದದಲ್ಲಿ ಸೇರಿಸಿಲ್ಲ ಎಂಬ ಆಕ್ಷೇಪವೂ ಬಂತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಅದೇ ವರ್ಷ ಲಂಡನ್ನಿನ ಪಾರ್ಲಿಮೆಂಟು ಪಿಟ್ಸ್ ಇಂಡಿಯಾ ಆಕ್ಟ್ ತಂದು, ಯುದ್ಧ ಮತ್ತು ಸಂಧಾನದಲ್ಲಿ ಮದ್ರಾಸ್, ಬೊಂಬಾಯಿ ಎರಡನ್ನೂ ಗವರ್ನರ್ ಜನರಲ್‌ನ ಹಿಡಿತಕ್ಕೆ ಇನ್ನಷ್ಟು ಬಿಗಿಯಾಗಿ ತಂದಿತು. ಮೂರನೇ ಮೈಸೂರು ಯುದ್ಧದ ಕೊನೆಗೆ, 1792ರಲ್ಲಿ, ಶ್ರೀರಂಗಪಟ್ಟಣದ ಕೋಟೆಯ ಹೊರಗೆ ಬೀಡುಬಿಟ್ಟ ಕಾರ್ನ್‌ವಾಲಿಸ್ ಗವರ್ನರ್ ಜನರಲ್ಲೂ ಹೌದು, ಸೇನಾಪತಿಯೂ ಹೌದು. ಮರಾಠರು, ನಿಜಾಮ ಇಬ್ಬರೂ ಅವನ ಜೊತೆಗಿದ್ದರು. ಆ ಸಲ ಟಿಪ್ಪುವಿನ ವಕೀಲರೇ, ಅಂದರೆ ರಾಯಭಾರಿಗಳೇ, ಕಾರ್ನ್‌ವಾಲಿಸನ ಬೀಡಿಗೆ ನಡೆದು ಹೋದರು. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಗಂಡುಮಕ್ಕಳು, ಇಷ್ಟು ಕೊಟ್ಟು ಶಾಂತಿ ಪಡೆಯಬೇಕಾಯಿತು.