ಕ್ವಾರ್ಟರ್‌ಬ್ಯಾಕ್‌ಗೆ ತಕ್ಕ ಪದ್ಧತಿ: ಕಾಲೇಜಿನ ಲೆಕ್ಕ, ಎನ್‌ಎಫ್‌ಎಲ್ ಲೆಕ್ಕ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಅಂದರೆ ದಾಳಿ ನಡೆಸಿ ಪಾಸ್ ಎಸೆಯುವ ಆಟಗಾರ. ಕಾಲೇಜಿನಲ್ಲಿ ಮಿಂಚಿದ ಕ್ವಾರ್ಟರ್‌ಬ್ಯಾಕ್ ಎನ್‌ಎಫ್‌ಎಲ್‌ಗೆ, ಅಂದರೆ ವೃತ್ತಿಪರ ಲೀಗ್‌ಗೆ, ಬಂದ ಮೇಲೆ ಯಾಕೆ ತಡವರಿಸುತ್ತಾನೆ? ‘ಅವನಿಗೆ ಆ ಮಟ್ಟದ ತಾಕತ್ತಿಲ್ಲ’ ಎಂದು ಹೇಳಿಬಿಡುವುದು ಸುಲಭ. ಆದರೆ ಎಷ್ಟೋ ಸಲ ತಾಕತ್ತು ಇರುತ್ತದೆ. ಅವನಿಗೆ ಒಗ್ಗುವ ಆಟ ಮಾತ್ರ ಸಿಕ್ಕಿರುವುದಿಲ್ಲ.

ಕಾಲೇಜು ಕೋಚ್ ಹತ್ತಿರ ಪದ್ಧತಿ ಮೊದಲೇ ಸಿದ್ಧವಿರುತ್ತದೆ. ಅದಕ್ಕೆ ಹೊಂದುವ ಹುಡುಗನನ್ನು ಅವರು ಹುಡುಕಿ ಕರೆತರುತ್ತಾರೆ. ಆ ಹುಡುಗ ಕೆಲವೇ ವರ್ಷ ಅಲ್ಲಿರುತ್ತಾನೆ. ಸೀಸನ್ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಅಭ್ಯಾಸ ಮಾಡಿಸುವಂತಿಲ್ಲ, ಇದು ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ನಿಯಮ. ಹಾಗಾಗಿ ಬೇಗ ಕಲಿಸಬಹುದಾದ ಆಟವೇ ಬೇಕು. ಎನ್‌ಎಫ್‌ಎಲ್‌ನಲ್ಲಿ ಹಾಗಲ್ಲ. ಅಲ್ಲಿ ತಂಡಗಳು ಒಂದಾದ ಮೇಲೊಂದರಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್ ಇದೆ, ತಮ್ಮ ಸರದಿ ಬಂದಾಗ ಯಾರು ಉಳಿದಿದ್ದಾರೋ ಅವರಲ್ಲೇ ಆರಿಸಬೇಕು.

ಮೈದಾನವೂ ಬೇರೆ. ಪ್ರತಿ ಸಲ ಆಟ ಶುರುಮಾಡಲು ಚೆಂಡನ್ನು ಹ್ಯಾಶ್ ಎಂಬ ಎರಡು ಸಾಲು ಗುರುತುಗಳ ಮೇಲೆ ಅಥವಾ ಅವುಗಳ ನಡುವೆ ಇಡುತ್ತಾರೆ. ಈ ಎರಡು ಸಾಲುಗಳ ನಡುವೆ ಕಾಲೇಜಿನಲ್ಲಿ 40 ಅಡಿ ಅಂತರ, ಎನ್‌ಎಫ್‌ಎಲ್‌ನಲ್ಲಿ ಬರೀ 18 ಅಡಿ 6 ಇಂಚು. ಚೆಂಡು ಹ್ಯಾಶ್ ಮೇಲೆ ಇದ್ದರೆ ಕಾಲೇಜಿನಲ್ಲಿ ಇನ್ನೊಂದು ಬದಿಗೆ ದೊಡ್ಡ ಬಯಲೇ ಸಿಗುತ್ತದೆ. ಪಾಸ್ ಹಿಡಿಯುವ ರಿಸೀವರ್‌ಗಳನ್ನು ಅಗಲವಾಗಿ ಹರಡಿ ನಿಲ್ಲಿಸುವ ಸ್ಪ್ರೆಡ್ ಆಟಕ್ಕೆ ಇದು ದೊಡ್ಡ ಅನುಕೂಲ.

ಈಗ ಜಾರೆಡ್ ಗಾಫ್ ಕಥೆ ನೋಡಿ. ನನ್ನ ಪ್ರಕಾರ ಈ ವಿಷಯ ಕಲಿಯಲು ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ತಂಡದಲ್ಲಿ ಅವರು ಆಡಿದ್ದು ಏರ್ ರೇಡ್ ಬಗೆಯ ಆಟ. ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್ ಆಟಗಾರನಿಂದ ಕೆಲವು ಯಾರ್ಡ್ ಹಿಂದೆ (ಇದೇ ಶಾಟ್‌ಗನ್) ನಿಂತು ಬೇಗ ಬೇಗ ಪಾಸ್ ಎಸೆಯುವುದು. 2016ರ ಡ್ರಾಫ್ಟ್‌ನಲ್ಲಿ ಎನ್‌ಎಫ್‌ಎಲ್ ತಂಡ ರ‍್ಯಾಮ್ಸ್ ಅವರನ್ನು ಮೊದಲನೆಯವರಾಗಿ ಆರಿಸಿತು. ಆ ಸೀಸನ್‌ನಲ್ಲಿ ಅವರು ಶುರುವಿನಿಂದ ಆಡಿದ 7 ಪಂದ್ಯಗಳಲ್ಲೂ ತಂಡ ಸೋತಿತು. ಪಾಯಿಂಟ್ ಗಳಿಕೆಯಲ್ಲಿ ಇಡೀ ಲೀಗ್‌ನಲ್ಲೇ ಕೊನೆ ಸ್ಥಾನ.

2017ರಲ್ಲಿ ಶಾನ್ ಮೆಕ್‌ವೇ ಕೋಚ್ ಆಗಿ ಬಂದರು. ಗಾಫ್ 28 ಟಚ್‌ಡೌನ್ ಪಾಸ್ (ಅಂಕ ತರುವ ಪಾಸ್) ಎಸೆದರು, ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್) ಬರೀ 7. ಪಾಯಿಂಟ್ ಗಳಿಕೆಯಲ್ಲಿ ತಂಡ ಮೊದಲ ಸ್ಥಾನಕ್ಕೆ ಬಂತು. ಹಾಗಂತ ಮೆಕ್‌ವೇ ಕಾಲೇಜಿನ ಆಟವನ್ನೇ ಮತ್ತೆ ಆಡಿಸಲಿಲ್ಲ, ಇಲ್ಲೇ ಇರುವುದು ಸ್ವಾರಸ್ಯ. ಗಾಫ್‌ರನ್ನು ಸೆಂಟರ್‌ನ ಹಿಂದೆಯೇ ನಿಲ್ಲಿಸಿ ಪ್ಲೇ ಆ್ಯಕ್ಷನ್ ಆಡಿಸಿದರು. ಸ್ನ್ಯಾಪ್ ಆದ ಕೂಡಲೇ, ಅಂದರೆ ಸೆಂಟರ್ ಚೆಂಡು ಕೊಟ್ಟ ಕೂಡಲೇ, ಕ್ವಾರ್ಟರ್‌ಬ್ಯಾಕ್ ಡಿಫೆನ್ಸ್‌ಗೆ ಬೆನ್ನು ತಿರುಗಿಸಿ, ಚೆಂಡು ಹಿಡಿದು ಓಡುವ ರನಿಂಗ್ ಬ್ಯಾಕ್‌ಗೆ ಚೆಂಡು ಕೊಟ್ಟಂತೆ ಮಾಡುತ್ತಾನೆ. ಡಿಫೆನ್ಸ್‌ನ ಎರಡನೇ ಸಾಲಿನ ಲೈನ್‌ಬ್ಯಾಕರ್‌ಗಳು ಓಟ ಅಂದುಕೊಂಡು ಮುಂದೆ ನುಗ್ಗುತ್ತಾರೆ, ಅವರ ಬೆನ್ನ ಹಿಂದೆ ಜಾಗ ತೆರೆಯುತ್ತದೆ. ತಿರುಗಿ ನೋಡುವಷ್ಟರಲ್ಲಿ ಯಾರಿಗೆ ಎಸೆಯಬೇಕು ಎಂಬುದು ಹೆಚ್ಚೂಕಡಿಮೆ ತೀರ್ಮಾನವಾಗಿರುತ್ತದೆ. ಸರಿಯಾದ ಗಳಿಗೆಗೆ ಗುರಿ ಇಟ್ಟು ಎಸೆಯುವುದೇ ಗಾಫ್‌ರ ಶಕ್ತಿ ಅಲ್ವಾ, ಅದಕ್ಕೆ ಇದು ಚೆನ್ನಾಗಿ ಒಗ್ಗಿತು.

ಇನ್ನೊಂದು ಉಪಾಯವೂ ಇತ್ತು. ಎನ್‌ಎಫ್‌ಎಲ್‌ನಲ್ಲಿ ಕೋಚ್ ಕ್ವಾರ್ಟರ್‌ಬ್ಯಾಕ್ ಜೊತೆ ಮಾತಾಡುವ ಹೆಲ್ಮೆಟ್ ರೇಡಿಯೊ, ಸ್ನ್ಯಾಪ್‌ಗೆ ಇರುವ ಸಮಯ ಎಣಿಸುವ ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡ್ ಉಳಿದಾಗ ಬಂದ್ ಆಗುತ್ತದೆ. ರ‍್ಯಾಮ್ಸ್ ಬೇಗ ಬಂದು ಸಾಲಾಗಿ ನಿಲ್ಲುತ್ತಿತ್ತು. ಆಗ ಡಿಫೆನ್ಸ್ ಹೇಗೆ ನಿಂತಿದೆ ಎಂದು ನೋಡಿಕೊಂಡು ಹೇಳಲು ಮೆಕ್‌ವೇಗೆ ಸಮಯ ಸಿಗುತ್ತಿತ್ತು. ಆಗ ಕಾಲೇಜಿನಲ್ಲಿ ಹುಡುಗರು ಸೈಡ್‌ಲೈನ್ ಕಡೆ ತಿರುಗಿ ಕೋಚ್ ಸನ್ನೆ ನೋಡುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಕೆಲಸ.

ಎಲ್ಲ ಕೀರ್ತಿಯೂ ಪದ್ಧತಿಗೆ ಸೇರುವುದಿಲ್ಲ. ಅದೇ ವರ್ಷ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಲೆಫ್ಟ್ ಟ್ಯಾಕಲ್ ಆ್ಯಂಡ್ರೂ ವಿಟ್‌ವರ್ತ್, ರಿಸೀವರ್‌ಗಳಾದ ರಾಬರ್ಟ್ ವುಡ್ಸ್ ಮತ್ತು ಕೂಪರ್ ಕಪ್ ಕೂಡ ತಂಡಕ್ಕೆ ಬಂದಿದ್ದರು. ಟಿಪ್ಪಣಿ ಬರೆದುಕೊಳ್ಳುವಾಗ ಇದನ್ನೂ ಸೇರಿಸಿಕೊಳ್ಳಿ.

ಲಮಾರ್ ಜಾಕ್ಸನ್ ವಿಷಯದಲ್ಲಿ ದಾರಿಯೇ ಬೇರೆ. ಲೂಯಿವಿಲ್ ವಿಶ್ವವಿದ್ಯಾಲಯದಲ್ಲಿದ್ದಾಗ, ಕಾಲೇಜಿನ ಅತ್ಯುತ್ತಮ ಆಟಗಾರನಿಗೆ ಕೊಡುವ 2016ರ ಹೈಸ್ಮನ್ ಟ್ರೋಫಿ ಗೆದ್ದವರು. ಆದರೂ ಅವರು ರಿಸೀವರ್ ಆಗುವುದೇ ಒಳ್ಳೆಯದು ಎಂದವರಿದ್ದರು. 2018ರಲ್ಲಿ 32ನೆಯ ಆಯ್ಕೆಯಾಗಿ ಬಾಲ್ಟಿಮೋರ್ ರೇವನ್ಸ್ ಸೇರಿದರು. ಮರುವರ್ಷ ಕೋಚ್ ಗ್ರೆಗ್ ರೋಮನ್ ಅಫೆನ್ಸ್ (ದಾಳಿ) ಹೊಣೆ ಹೊತ್ತರು. ಅವರ ಆಟದಲ್ಲಿ ಝೋನ್ ರೀಡ್‌ಗೆ ದೊಡ್ಡ ಜಾಗ. ಇಲ್ಲಿ ಡಿಫೆನ್ಸ್‌ನ ತುದಿಯ ಆಟಗಾರನನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ. ಅವನು ಒಳಗೆ ನುಗ್ಗಿದರೆ ಲಮಾರ್ ಚೆಂಡು ತಾನೇ ಇಟ್ಟುಕೊಂಡು ಹೊರಗೆ ಓಡುತ್ತಾರೆ. ಅಲ್ಲೇ ಕಾದು ನಿಂತರೆ ರನಿಂಗ್ ಬ್ಯಾಕ್‌ಗೆ ಕೊಡುತ್ತಾರೆ. 2019ರಲ್ಲಿ ರೇವನ್ಸ್ ಓಟದಲ್ಲೇ 3,296 ಯಾರ್ಡ್ ಗಳಿಸಿತು, ಅದು ಲೀಗ್ ದಾಖಲೆ. ಲಮಾರ್ ಒಬ್ಬರದೇ 1,206 ಯಾರ್ಡ್, ಜೊತೆಗೆ 36 ಟಚ್‌ಡೌನ್ ಪಾಸ್. ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರನಿಗೆ ಕೊಡುವ ಎಂವಿಪಿ ಪ್ರಶಸ್ತಿಗೆ ಎಲ್ಲ ಮತಗಳೂ ಅವರಿಗೇ ಬಿದ್ದವು.

ಹಾಗಾದರೆ ಎಲ್ಲ ತಂಡಗಳೂ ಯಾಕೆ ಹೀಗೆ ಮಾಡುವುದಿಲ್ಲ? ಓಡುವ ಕ್ವಾರ್ಟರ್‌ಬ್ಯಾಕ್‌ಗೆ ಏಟು ಜಾಸ್ತಿ ಬೀಳುತ್ತದೆ. 2012ರ ಸೀಸನ್‌ನಲ್ಲಿ ವಾಷಿಂಗ್ಟನ್ ತಂಡ ರಾಬರ್ಟ್ ಗ್ರಿಫಿನ್‌ಗೆ ಹೊಂದುವಂತೆಯೇ ಆಟ ಕಟ್ಟಿತ್ತು. ಅವರು ವರ್ಷದ ಅತ್ಯುತ್ತಮ ಹೊಸ ಅಫೆನ್ಸ್ ಆಟಗಾರನೂ ಆದರು. ಆದರೆ ಅದೇ ಸೀಸನ್‌ನ ಪ್ಲೇಆಫ್‌ನಲ್ಲಿ ಮಂಡಿಗೆ ಪೆಟ್ಟಾಯಿತು, ಆಮೇಲೆ ಆ ಲಯ ಮತ್ತೆ ಬರಲಿಲ್ಲ.

ಮುಂದಿನ ಪಂದ್ಯ ನೋಡುವಾಗ ಚೆಂಡನ್ನು ಬಿಟ್ಟು, ಸ್ನ್ಯಾಪ್‌ಗೆ ಮೊದಲು ಕ್ವಾರ್ಟರ್‌ಬ್ಯಾಕ್ ಎಲ್ಲಿ ನಿಂತಿದ್ದಾನೆ, ಡಿಫೆನ್ಸ್ ತುದಿಯಲ್ಲಿ ಯಾರನ್ನು ತಡೆಯದೆ ಬಿಟ್ಟಿದ್ದಾರೆ ಎಂದು ಗುರುತಿಸಿ. ಯಾವ ಪದ್ಧತಿ ಎಂದು ಅಲ್ಲೇ ಅರ್ಧ ಗೊತ್ತಾಗುತ್ತದೆ.