ಜೇಮ್ಸ್ ಹೆನ್ರಿ ಲೇನ್ ಮತ್ತು ಕ್ಯಾನ್ಸಸ್ ಗಡಿನಾಡಿನ ರಾಜಕಾರಣ

ಅಮೆರಿಕದ ಅಂತರ್ಯುದ್ಧದ ಹಿನ್ನೆಲೆಯನ್ನು ಅಭ್ಯಾಸ ಮಾಡುವವರು ಕ್ಯಾನ್ಸಸ್‌ನ ಸೆನೆಟರ್ ಆಗಿದ್ದ ಜೇಮ್ಸ್ ಹೆನ್ರಿ ಲೇನ್‌ನ ರಾಜಕೀಯ ಜೀವನವನ್ನು ಇಸವಿಗಳ ಜೊತೆಗಿಟ್ಟು ಓದಬೇಕು. ಏಕೆಂದರೆ ಆತನ ನಿಲುವು ಬದಲಾದಾಗಲೆಲ್ಲ ಕ್ಯಾನ್ಸಸ್‌ನ ಪರಿಸ್ಥಿತಿಯೂ ಬದಲಾಗಿರುವುದು ಕಾಣುತ್ತದೆ.

1814ರಲ್ಲಿ ಇಂಡಿಯಾನಾದಲ್ಲಿ ಹುಟ್ಟಿದ ಲೇನ್, ಮೆಕ್ಸಿಕೋ ಯುದ್ಧದಲ್ಲಿ ಕರ್ನಲ್ ಆಗಿದ್ದು, ಮುಂದೆ ಡೆಮಾಕ್ರಟಿಕ್ ಪಕ್ಷದಿಂದ ಅಮೆರಿಕದ ಪ್ರತಿನಿಧಿ ಸಭೆಗೆ ಆಯ್ಕೆಯಾದ. ಹೊಸ ಪ್ರಾಂತ್ಯದಲ್ಲಿ ಗುಲಾಮಗಿರಿ ಇರಬೇಕೇ ಬೇಡವೇ ಎಂಬುದನ್ನು ಅಲ್ಲಿನ ನಿವಾಸಿಗಳೇ ತೀರ್ಮಾನಿಸಲಿ ಎಂದ 1854ರ ಕ್ಯಾನ್ಸಸ್-ನೆಬ್ರಾಸ್ಕಾ ಕಾಯ್ದೆಗೆ ಆತ ಮತ ನೀಡಿದ್ದ. ಮರುವರ್ಷ ಕ್ಯಾನ್ಸಸ್‌ಗೆ ವಲಸೆ ಬಂದು, ಗುಲಾಮಗಿರಿ ಬೇಡವೆನ್ನುವ ಬಣವನ್ನು ಸೇರಿ, ಗುಲಾಮಗಿರಿಯಿಲ್ಲದ ಕ್ಯಾನ್ಸಸ್‌ಗಾಗಿ ಸಂವಿಧಾನ ರಚಿಸಲು ಆ ಬಣ ಕರೆದ ಟೊಪೀಕಾ ಸಂವಿಧಾನ ಸಭೆಯ ಅಧ್ಯಕ್ಷನಾದ. ಇದನ್ನು ಮನಃಪರಿವರ್ತನೆಯೆಂದು ಬರೆದುಕೊಳ್ಳಲು ಆತುರಪಡಬಾರದು. ಆ ಬಣದ ಬಹುಪಾಲು ಜನರಿಗೆ ಗುಲಾಮರಷ್ಟೇ ಅಲ್ಲ, ಸ್ವತಂತ್ರ ಕಪ್ಪು ಜನರೂ ಅಲ್ಲಿ ನೆಲೆಸುವುದು ಬೇಡವಾಗಿತ್ತು. ಆ ನಿಷೇಧವನ್ನು ಅವರು ಪ್ರತ್ಯೇಕ ಮತದಾನದಲ್ಲಿ ಅಂಗೀಕರಿಸಿದರು. ಲೇನ್ ಕೂಡ ಅದರ ಪರವಾಗಿದ್ದ.

ಗಡಿನಾಡಿನಲ್ಲಿ ವಾಗ್ವಾದ ಬಂದೂಕಿಗೆ ತಿರುಗಲು ಹೆಚ್ಚು ಹೊತ್ತು ಬೇಕಿರಲಿಲ್ಲ. 1858ರ ಜೂನ್‌ನಲ್ಲಿ, ಲಾರೆನ್ಸ್ ಪಟ್ಟಣದ ಒಂದು ಜಮೀನು ಮತ್ತು ಅದರಲ್ಲಿದ್ದ ಬಾವಿಯ ವ್ಯಾಜ್ಯದಲ್ಲಿ, ನೀರಿಗೆಂದು ಬಂದ ಗೇಯಸ್ ಜೆಂಕಿನ್ಸ್‌ನನ್ನು ಲೇನ್ ಗುಂಡಿಕ್ಕಿ ಕೊಂದ. ಜೆಂಕಿನ್ಸ್ ಆತನದೇ ಬಣದವನಾಗಿದ್ದ. ನ್ಯಾಯಾಲಯ ಲೇನ್‌ನನ್ನು ಬಿಡುಗಡೆ ಮಾಡಿತು. 1861ರಲ್ಲಿ ಕ್ಯಾನ್ಸಸ್ ರಾಜ್ಯವಾದಾಗ ಅಲ್ಲಿನ ಶಾಸನಸಭೆ ಆತನನ್ನೇ ಸೆನೆಟ್‌ಗೆ ಆರಿಸಿತು. ಸೆನೆಟರ್‌ಗಳನ್ನು ಆಗ ಜನರು ನೇರವಾಗಿ ಆರಿಸುತ್ತಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು.

ಯುದ್ಧಕಾಲದ ಲೇನ್‌ನನ್ನು ಅಳೆಯುವುದು ನಿಜಕ್ಕೂ ಕಷ್ಟ. 1861ರ ಸೆಪ್ಟೆಂಬರ್‌ನಲ್ಲಿ ಉತ್ತರದ ಪರ ಆತ ನಡೆಸುತ್ತಿದ್ದ ಪಡೆ, ಗಡಿಯಾಚೆ ಗುಲಾಮಗಿರಿ ಇದ್ದ ಮಿಸೌರಿ ರಾಜ್ಯದ ಆಸಿಯೋಲಾ ಪಟ್ಟಣವನ್ನು ಲೂಟಿ ಮಾಡಿ ಸುಟ್ಟಿತು. ಇದೇ ವ್ಯಕ್ತಿ 1862ರಲ್ಲಿ, ಯುದ್ಧ ಇಲಾಖೆಯ ಅನುಮತಿ ಇಲ್ಲದಿದ್ದರೂ, ಕಪ್ಪು ಜನರನ್ನು ಸೈನಿಕರನ್ನಾಗಿ ಸೇರಿಸಿಕೊಳ್ಳತೊಡಗಿದ. ಅಕ್ಟೋಬರ್‌ನಲ್ಲಿ ಐಲ್ಯಾಂಡ್ ಮೌಂಡ್ ಎಂಬಲ್ಲಿ ಅವರು ದಕ್ಷಿಣದ ಪರ ಗೆರಿಲ್ಲಾಗಳೊಡನೆ ಕಾದಿದರು. ಏಳು ವರ್ಷಗಳ ಹಿಂದೆ ಯಾರಿಗೆ ಕ್ಯಾನ್ಸಸ್‌ನಲ್ಲಿ ನೆಲೆ ಸಿಗಬಾರದೆಂದು ಆತ ಬಯಸಿದ್ದನೋ ಅವರ ಕೈಗೇ ಕ್ಯಾನ್ಸಸ್ ಹೆಸರಿನ ರೆಜಿಮೆಂಟಿನ ಬಂದೂಕು ಬಂದಿತ್ತು. ಪಡೆಗೆ ಜನ ಬೇಕಾಗಿದ್ದದ್ದು ಇದಕ್ಕೆ ಒಂದು ಕಾರಣ. ಆದರೂ ದೇಶದ ಅನೇಕ ನಾಯಕರು ಹಿಂಜರಿಯುತ್ತಿದ್ದಾಗ ಇಟ್ಟ ಈ ಹೆಜ್ಜೆಯ ಬೆಲೆಯನ್ನು ನಾನು ಕಡಿಮೆ ಮಾಡಲಾರೆ. ಅದರಂತೆಯೇ ಆಸಿಯೋಲಾದ ಹೊಣೆಯಿಂದಲೂ ಆತನನ್ನು ಪಾರುಮಾಡಲಾಗದು. 1863ರ ಆಗಸ್ಟ್ 21ರಂದು ದಕ್ಷಿಣದ ಪರ ಗೆರಿಲ್ಲಾ ನಾಯಕ ವಿಲಿಯಂ ಕ್ವಾಂಟ್ರಿಲ್‌ನ ದಾಳಿಕೋರರು ಲಾರೆನ್ಸ್‌ಗೆ ನುಗ್ಗಿ ಸುಮಾರು 150 ಗಂಡಸರನ್ನೂ ಹುಡುಗರನ್ನೂ ಕೊಂದಾಗ, ಆಸಿಯೋಲಾದ ಸೇಡು ಅವರ ಕಾರಣಗಳಲ್ಲಿ ಒಂದಾಗಿತ್ತು. ಅವರು ಹುಡುಕುತ್ತಿದ್ದ ಲೇನ್ ಮಾತ್ರ ಮಲಗುವ ಉಡುಪಿನಲ್ಲೇ ಜೋಳದ ಹೊಲದೊಳಗೆ ಓಡಿ ಉಳಿದುಕೊಂಡ.

1865ರಲ್ಲಿ ಪುನರಾಯ್ಕೆಯಾದ ಲೇನ್, ಕಪ್ಪು ಜನರಿಗೆ ಪೌರತ್ವ ಮತ್ತು ಸಮಾನ ಹಕ್ಕು ನೀಡಲಿದ್ದ ನಾಗರಿಕ ಹಕ್ಕುಗಳ ಮಸೂದೆಗೆ ಅಧ್ಯಕ್ಷ ಆಂಡ್ರೂ ಜಾನ್ಸನ್ ಹಾಕಿದ ತಡೆಯನ್ನು (ವೀಟೊ) 1866ರಲ್ಲಿ ಬೆಂಬಲಿಸಿದ. ಕ್ಯಾನ್ಸಸ್‌ನ ಬೆಂಬಲಿಗರು ಇದನ್ನು ಕ್ಷಮಿಸಲಿಲ್ಲ. ಜೊತೆಗೆ ಹಣಕಾಸಿನ ಅಕ್ರಮದ ಆರೋಪಗಳೂ ಬಂದವು. ಜುಲೈ 1ರಂದು ಲೆವನ್‌ವರ್ತ್ ಸಮೀಪ ತನಗೆ ತಾನೇ ಗುಂಡು ಹಾರಿಸಿಕೊಂಡ ಆತ ಹತ್ತು ದಿನಗಳ ನಂತರ ಸತ್ತ. ತೆರವಾದ ಸ್ಥಾನಕ್ಕೆ ಬಂದ ಎಡ್ಮಂಡ್ ರಾಸ್, 1868ರ ಮಹಾಭಿಯೋಗದಲ್ಲಿ ಜಾನ್ಸನ್ ನಿರ್ದೋಷಿಯೆಂದು ಮತ ಹಾಕಿದಾಗ, ಅಧ್ಯಕ್ಷನನ್ನು ಪದಚ್ಯುತಗೊಳಿಸಲು ಒಂದೇ ಒಂದು ಮತ ಕಡಿಮೆಯಾಯಿತು.